ಚಿಚೆನ್ ಇಟ್ಜಾ ಒಂದು ದಿನದ ಪ್ರವಾಸ: ಕಳೆದುಹೋದ ಒಂದು ಗಂಟೆಯ ಬಗ್ಗೆ ದೂರು

ಇವರಿಂದ:
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಶಿವಮೊಗ್ಗ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ವಿದೇಶ ಪ್ರವಾಸ ಸಂಸ್ಥೆ, ಬೆಂಗಳೂರು

ವಿಷಯ: ಮೆಕ್ಸಿಕೋದ ಕಡಲತೀರದ ನಗರ ಕಾನ್ಕುನ್‌ನಿಂದ ಚಿಚೆನ್ ಇಟ್ಜಾ ಎಂಬ ಪ್ರಾಚೀನ ನಗರದ ಅವಶೇಷಗಳಿಗೆ ಏರ್ಪಡಿಸಿದ್ದ ಒಂದು ದಿನದ ಪ್ರವಾಸದಲ್ಲಿ ಸೇವಾ ನ್ಯೂನತೆ ಮತ್ತು ಹಣ ವಾಪಸಾತಿ ಕುರಿತು

ಮಾನ್ಯರೇ,

ಈ ವರ್ಷದ ಜನವರಿಯಲ್ಲಿ ತಮ್ಮ ಸಂಸ್ಥೆಯ ಮೆಕ್ಸಿಕೋ ಪ್ರವಾಸದಲ್ಲಿ ನಾನು ಮತ್ತು ನನ್ನ ಪತ್ನಿ ಪಾಲ್ಗೊಂಡಿದ್ದೆವು. ವಿಮಾನ, ಹೋಟೆಲ್, ಮೆಕ್ಸಿಕೋ ನಗರದ ಸುತ್ತಾಟ ಇವುಗಳ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಒಂದೇ ದಿನದ ಬಗ್ಗೆ, ಮತ್ತು ನಾವು ಅಷ್ಟು ದೂರ ಹೋದದ್ದು ಆ ಒಂದು ದಿನಕ್ಕಾಗಿಯೇ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ಮೆಕ್ಸಿಕೋ ಸೀಮೆಯ ಮೂಲನಿವಾಸಿಗಳಾದ ಮಾಯಾ ಜನರ ಪಿರಮಿಡ್ಡನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದವನಿಗೆ ಅದನ್ನು ಕಣ್ಣಾರೆ ಕಾಣುವ ಆಸೆ ಎಷ್ಟಿರುತ್ತದೆ ಎಂದು ತಮಗೆ ವಿವರಿಸಬೇಕಾಗಿಲ್ಲ. ಆ ಆಸೆಯನ್ನು ನಂಬಿಯೇ ತಾವು ಈ ಪ್ರವಾಸಕ್ಕೆ ಮೂಲ ದರದ ಮೇಲೆ ಪ್ರತ್ಯೇಕ ಹಣ ಪಡೆದಿರಿ.

ತಮ್ಮ ಕನ್ನಡ ಕರಪತ್ರ ನನ್ನ ಮುಂದಿದೆ. ಇಂಗ್ಲಿಷ್ ಮಾತನಾಡುವ ಮಾರ್ಗದರ್ಶಿಯೊಂದಿಗೆ ಪ್ರಾಚೀನ ಮಾಯಾ ನಗರದಲ್ಲಿ ಇಡೀ ದಿನ, ಎಲ್ಲ ಪ್ರವೇಶ ಶುಲ್ಕ ಒಳಗೊಂಡಿದೆ, ಶುದ್ಧ ಸಸ್ಯಾಹಾರಿ ಊಟ, ಪಿರಮಿಡ್ ಏರುವ ಅನುಭವ ಎಂದು ಅದರಲ್ಲಿ ಅಚ್ಚಾಗಿದೆ. ಇವುಗಳಲ್ಲಿ ಒಂದೂ ಹೇಳಿದಂತೆ ನಡೆಯಲಿಲ್ಲ.

ಬೆಳಗ್ಗೆ ಏಳಕ್ಕೆ ಸರಿಯಾಗಿ ಬಸ್ ಹೋಟೆಲಿನ ಬಾಗಿಲಿಗೆ ಬಂದಿತು. ಆಮೇಲೆ ಅದು ಕಡಲತೀರದ ಹೋಟೆಲುಗಳನ್ನೆಲ್ಲ ಸುತ್ತಿ, ಜನರನ್ನು ಹತ್ತಿಸಿಕೊಂಡು, ಹೆದ್ದಾರಿ ಹಿಡಿಯುವ ಹೊತ್ತಿಗೆ ಒಂಬತ್ತಾಗಿತ್ತು. ಚಿಚೆನ್ ಇಟ್ಜಾ ಅಲ್ಲಿಂದ ಸುಮಾರು 200 ಕಿಲೋಮೀಟರ್, ಎರಡೂವರೆ ಗಂಟೆಯ ದಾರಿ. ದಾರಿಯಲ್ಲಿ ಮಾರ್ಗದರ್ಶಿ ಮೈಕ್ ಹಿಡಿದು ಮಾಯಾ ಪಂಚಾಂಗದ ಮಾತು ತೆಗೆದಾಗ ನಾನು ಟಿಪ್ಪಣಿ ಪುಸ್ತಕ ಬಿಚ್ಚಿದೆ. 260 ದಿನಗಳ ಒಂದು ಎಣಿಕೆ, 365 ದಿನಗಳ ಮತ್ತೊಂದು ಎಣಿಕೆ, ಎರಡೂ ಹೊರಟ ಜಾಗಕ್ಕೇ ಬಂದು ಕೂಡಲು 52 ವರ್ಷ ಬೇಕು ಎಂಬ ಲೆಕ್ಕವನ್ನು ಬಿಡಿಸಿ ಹೇಳುತ್ತಾರೆ ಎಂದುಕೊಂಡೆ. ಅವರು ಹಂಚಿದ್ದು ಬೇಡಿಕೆ ಚೀಟಿಗಳನ್ನು. ನಮ್ಮ ಹುಟ್ಟಿದ ದಿನಾಂಕವನ್ನು ಮಾಯಾ ಲಿಪಿಯಲ್ಲಿ ಬರೆದುಕೊಡುವ ಹಾಳೆಗೆ ಇಷ್ಟು, ಅದನ್ನೇ ಬೆಳ್ಳಿಯ ಪದಕದಲ್ಲಿ ಕೆತ್ತಿಸಿದರೆ ಅಷ್ಟು. ಚೀಟಿಗಳನ್ನು ಮರಳಿ ಸಂಗ್ರಹಿಸುವಾಗಲೇ ತೆರಿಗೆ ಎಂಬ ಹೆಸರಿನಲ್ಲಿ ತಲೆಗೆ ಇಷ್ಟೆಂದು ನಗದು ವಸೂಲಿಯೂ ಆಯಿತು. ರಸೀದಿ ಕೇಳಿದೆ, ಕೊಡಲಿಲ್ಲ. ಅಲ್ಲಿನ ಪ್ರವೇಶ ಶುಲ್ಕದಲ್ಲಿ ಎರಡು ಭಾಗಗಳಿವೆ. ಒಂದು ಕೇಂದ್ರ ಸರ್ಕಾರದ ಪುರಾತತ್ವ ಸಂಸ್ಥೆಗೆ, ಇನ್ನೊಂದು ಯುಕಟಾನ್ ರಾಜ್ಯಕ್ಕೆ ಸೇರುತ್ತದೆ. ತೆರಿಗೆ ಎಂದು ಕಿತ್ತುಕೊಂಡದ್ದು ಈ ಶುಲ್ಕವನ್ನೇ ಎಂಬುದು ದ್ವಾರದಲ್ಲಿ ದರಪಟ್ಟಿ ನೋಡಿದಾಗ ಸ್ಪಷ್ಟವಾಯಿತು. ಬೆಂಗಳೂರಿನಲ್ಲಿ ಒಮ್ಮೆ ಕೊಟ್ಟ ಹಣವನ್ನು ಬಸ್ಸಿನಲ್ಲಿ ಮತ್ತೊಮ್ಮೆ ಕೊಟ್ಟೆವು.

ಹನ್ನೊಂದೂವರೆಗೆ ಬಸ್ ನಿಂತದ್ದು ಒಂದು ದೊಡ್ಡ ಸ್ಮರಣಿಕೆ ಮಳಿಗೆಯ ಮುಂದೆ. ಅಲ್ಲಿ ಒಂದು ಗಂಟೆ. ಅನಂತರ ಈಜುವವರಿಗಾಗಿ ಒಂದು ಸೆನೋಟೆ, ಅಂದರೆ ಸುಣ್ಣಕಲ್ಲಿನ ನೆಲ ಕುಸಿದು ಉಂಟಾದ ನೀರಿನ ಹೊಂಡ. ನಾವು ಈಜುವವರಲ್ಲ, ದಡದಲ್ಲಿ ಕುಳಿತೆವು. ಆಮೇಲೆ ಊಟ. ಶುದ್ಧ ಸಸ್ಯಾಹಾರದ ಕಥೆ ಚಿಕ್ಕದು: ಬೀನ್ಸ್ ಪಲ್ಯದಲ್ಲಿ ಹಂದಿಯ ಕೊಬ್ಬು ಇದೆಯೇ ಎಂದು ಕೇಳಿದ್ದಕ್ಕೆ ಅಡುಗೆಯವರು ಹೌದು ಎಂದು ಪ್ರಾಮಾಣಿಕವಾಗಿ ಹೇಳಿದರು. ನನ್ನ ಪತ್ನಿ ಅನ್ನ ಮತ್ತು ಪಪ್ಪಾಯಿ ತಿಂದರು. ಬೇಲೂರು ತೋರಿಸುತ್ತೇವೆಂದು ಹೊರಡಿಸಿ ಹಾಸನದ ಸೀರೆ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಕೂರಿಸಿದರೆ ತಾವು ಏನನ್ನುತ್ತೀರಿ?

ಸಾಲಿನಲ್ಲಿ ನಿಂತು ದ್ವಾರ ದಾಟಿದಾಗ ಮಾರ್ಗದರ್ಶಿಯ ಕೈಗಡಿಯಾರದಲ್ಲಿ ನಾಲ್ಕು ಗಂಟೆ. ಮಾಯಾ ಜನರ ಸರ್ಪದೇವತೆ ಕುಕುಲ್ಕನ್ ಹೆಸರಿನ ಪಿರಮಿಡ್ಡಿನ ಮುಂದೆ ನಿಲ್ಲಿಸಿ ಅವರು ಮೊದಲು ಸ್ಪ್ಯಾನಿಷ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಮಾತನಾಡಿದರು. ನಲವತ್ತು ನಿಮಿಷದ ವಿವರಣೆಯಲ್ಲಿ ನಮ್ಮ ಪಾಲಿಗೆ ದಕ್ಕಿದ್ದು ಅರ್ಧ. ಅದರಲ್ಲಿಯೂ ಬಹುಪಾಲು ಎಲ್ಲರಿಂದ ಚಪ್ಪಾಳೆ ತಟ್ಟಿಸಿ ಮೆಟ್ಟಿಲುಗಳಿಂದ ಬರುವ ಪ್ರತಿಧ್ವನಿ ಹಕ್ಕಿಯ ಕೂಗಿನಂತಿದೆ ಎಂದು ಹೇಳುವುದಕ್ಕೆ ಹೋಯಿತು. ನಾಲ್ಕು ಬದಿಗೂ 91ರಂತೆ ಮೆಟ್ಟಿಲು, ಮೇಲಿನ ಕಟ್ಟೆ ಸೇರಿ 365 ಎಂಬುದನ್ನು ನನ್ನ ಪತ್ನಿಗೆ ನಾನೇ ಹೇಳಿದೆ. ಹಗಲು ರಾತ್ರಿ ಸಮನಾಗುವ ವಿಷುವದ ದಿನ ಸಂಜೆ ಉತ್ತರದ ಮೆಟ್ಟಿಲ ಅಂಚಿನಲ್ಲಿ ನೆರಳು ಸರ್ಪದಂತೆ ಇಳಿಯುವುದನ್ನೂ, ಈ ಪಿರಮಿಡ್ಡಿನ ಹೊಟ್ಟೆಯೊಳಗೆ ಅದಕ್ಕಿಂತ ಹಳೆಯ ಪಿರಮಿಡ್ ಇದೆ, ಅದರೊಳಗೆ ಜಾಗ್ವಾರ್ ಎಂಬ ಚಿರತೆಯಂಥ ಪ್ರಾಣಿಯ ಆಕಾರದ ಕೆಂಪು ಬಣ್ಣದ ಸಿಂಹಾಸನ ಸಿಕ್ಕಿತು ಎಂಬುದನ್ನೂ ನಾನೇ ಹೇಳಿದೆ. ಇನ್ನು ಪಿರಮಿಡ್ ಏರುವ ಅನುಭವ: ಸುತ್ತಲೂ ಹಗ್ಗ ಕಟ್ಟಿದ್ದಾರೆ. ಸಾರ್ವಜನಿಕರು ಅದನ್ನು ಹತ್ತುವುದು ನಿಂತು ವರ್ಷಗಳೇ ಆಗಿವೆ. ನಿಂತದ್ದು ಒಳ್ಳೆಯದೇ, ಕಲ್ಲು ಸವೆಯುತ್ತದೆ. ಆದರೆ ಈಗಲೂ ಹತ್ತಬಹುದೆಂದು ಕರಪತ್ರದಲ್ಲಿ ಅಚ್ಚು ಹಾಕಿಸುವವರು ಆ ಜಾಗಕ್ಕೆ ಒಮ್ಮೆಯಾದರೂ ಹೋಗಿದ್ದಾರೆಯೇ ಎಂಬ ಸಂಶಯ ನನಗಿದೆ.

ನಾಲ್ಕು ಐವತ್ತಕ್ಕೆ ಮಾರ್ಗದರ್ಶಿ ಕೈಗಡಿಯಾರ ತೋರಿಸಿ, ಐದಕ್ಕೆ ಬಾಗಿಲು ಮುಚ್ಚುತ್ತಾರೆ, ಎಲ್ಲರೂ ಬಸ್ಸಿಗೆ ಹೊರಡಿ ಎಂದರು. ನನ್ನ ಮೊಬೈಲಿನಲ್ಲಿ ಆಗ ಮೂರು ಐವತ್ತು. ಈ ದೂರಿನ ಮುಖ್ಯ ಅಂಶ ಇದು, ದಯವಿಟ್ಟು ಗಮನವಿಟ್ಟು ಓದಿ. ಕಾನ್ಕುನ್ ಇರುವುದು ಕಿಂಟಾನಾ ರೋ ರಾಜ್ಯದಲ್ಲಿ, ಚಿಚೆನ್ ಇಟ್ಜಾ ಇರುವುದು ಪಕ್ಕದ ಯುಕಟಾನ್ ರಾಜ್ಯದಲ್ಲಿ. 2015ರಲ್ಲಿ ಕಿಂಟಾನಾ ರೋ ತನ್ನ ಗಡಿಯಾರ ಬದಲಾಯಿಸಿಕೊಂಡಿತು. ಈಗ ಅದು ಯುಕಟಾನ್‌ಗಿಂತ ಒಂದು ಗಂಟೆ ಮುಂದಿದೆ. ಸ್ಮಾರಕದ ಬಾಗಿಲು ಮುಚ್ಚುವುದು ಯುಕಟಾನ್ ಗಡಿಯಾರದ ಐದಕ್ಕೆ. ಅಂದರೆ ನಮ್ಮನ್ನು ಹೊರಡಿಸಿದಾಗ ಇನ್ನೂ ಒಂದು ಗಂಟೆ ಹತ್ತು ನಿಮಿಷ ಬಾಕಿ ಇತ್ತು. ಟಿಕೆಟ್ ಕೌಂಟರಿನಲ್ಲಿ ಆಗಲೂ ಜನ ಒಳಗೆ ಬರುತ್ತಿದ್ದರು. ಇದನ್ನು ಮಾರ್ಗದರ್ಶಿಗೆ ಹೇಳಿದಾಗ ಅವರು ನಕ್ಕು, ನಮ್ಮ ಬಸ್ಸು ನಡೆಯುವುದು ಕಾನ್ಕುನ್ ಸಮಯದಲ್ಲಿ ಎಂದರು. ವಾರದಲ್ಲಿ ಹಲವು ಸಲ ಈ ದಾರಿಯಲ್ಲಿ ಓಡಾಡುವವರಿಗೆ ಗಡಿಯ ಗಡಿಯಾರ ತಿಳಿಯದೆ ಇರಲಾರದು. ಐದಕ್ಕೆ ಮುಚ್ಚುತ್ತಾರೆ ಎಂಬ ನಿಜವನ್ನೇ ಸುಳ್ಳಾಗಿ ಬಳಸಿ ನಮ್ಮನ್ನು ಹೊರಹಾಕಿದರು.

ಆ ಗಂಟೆಯಲ್ಲಿ ಏನೆಲ್ಲ ನೋಡಬಹುದಿತ್ತು? ಪಿರಮಿಡ್ಡಿನಿಂದ ಉತ್ತರಕ್ಕೆ ಸುಮಾರು 300 ಮೀಟರ್ ನಡೆದರೆ ಪವಿತ್ರ ಸೆನೋಟೆ, 60 ಮೀಟರಿನಷ್ಟು ಅಗಲದ ಬಾವಿ. ಮಾಯಾ ಜನ ಚಿನ್ನ, ಜೇಡ್ ಎಂಬ ಹಸಿರು ಕಲ್ಲು, ಧೂಪ, ಮನುಷ್ಯರನ್ನೂ ಅರ್ಪಿಸಿದ ಸ್ಥಳ ಅದು. 1904ರಿಂದ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ ಅದರ ಹೂಳೆತ್ತಿ, ಸಿಕ್ಕ ವಸ್ತುಗಳಲ್ಲಿ ಬಹಳಷ್ಟನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಪೀಬಾಡಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಕೆಲವು ಮಾತ್ರ ಮುಂದೆ ಮೆಕ್ಸಿಕೋಗೆ ಮರಳಿದವು. ಆ ಬಾವಿಯನ್ನು ನಾವು ಕಾಣಲಿಲ್ಲ. ಟಿಕೆಟ್ ಕೊಟ್ಟು ಈಜುವ ಹೊಂಡದ ದಡದಲ್ಲಿ ಕುಳಿತದ್ದೇ ಬಂತು. ದಕ್ಷಿಣಕ್ಕೆ ಕರಕೋಲ್ ಎಂಬ ದುಂಡನೆಯ ವೀಕ್ಷಣಾಲಯವಿದೆ, ಶುಕ್ರಗ್ರಹದ ಚಲನೆಯನ್ನು ನೋಡಲು ಅದರ ಕಿಟಕಿಗಳನ್ನು ಹೊಂದಿಸಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಅದನ್ನೂ ಕಾಣಲಿಲ್ಲ. 168 ಮೀಟರ್ ಉದ್ದದ ಚೆಂಡಾಟದ ಅಂಗಳವನ್ನು ಬಸ್ಸಿನ ಕಡೆ ಓಡುತ್ತಾ ಹೊರಗಿನಿಂದ ಕಂಡೆವು, ತಲೆಬುರುಡೆಗಳ ಕಟ್ಟೆಯನ್ನೂ ಹಾಗೆಯೇ.

ತೋರಿಸದ ಬಾವಿಯ ಬಗ್ಗೆ ಮಾರ್ಗದರ್ಶಿ ಕಥೆಯೊಂದನ್ನು ಮಾತ್ರ ಹೇಳಿದ್ದರು: ಚೆಲುವೆಯರಾದ ಕನ್ಯೆಯರನ್ನೇ ಆರಿಸಿ ಅದರಲ್ಲಿ ತಳ್ಳುತ್ತಿದ್ದರಂತೆ. ಬಾವಿಯಿಂದ ತೆಗೆದ ಎಲುಬುಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದಾರೆ. ಆ ಬಾವಿಯ ಸಮೀಪದ ನೆಲದಡಿಯ ತೊಟ್ಟಿಯಲ್ಲಿ ಸಿಕ್ಕ ಎಲುಬುಗಳಲ್ಲಿ 64 ಮಕ್ಕಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟೂ ಮಂದಿ ಗಂಡುಮಕ್ಕಳು. ಅವರಲ್ಲಿ ಎರಡು ಜೋಡಿ ತದ್ರೂಪಿ ಅವಳಿಗಳಿದ್ದರು. ಇದನ್ನು ಹೇಳಿದ್ದರೆ ಬಸ್ಸಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಇನ್ನೊಂದು ಮಾತು ನನಗೆ ನಿಜಕ್ಕೂ ನೋವುಂಟುಮಾಡಿತು: ಮಾಯಾ ಜನ ನಿಗೂಢವಾಗಿ ಕಣ್ಮರೆಯಾದರು ಎಂದರು ಮಾರ್ಗದರ್ಶಿ. ಅವರು ಹಾಗೆ ಹೇಳುತ್ತಿದ್ದಾಗ ಹತ್ತು ಹೆಜ್ಜೆ ಆಚೆ ಮರದ ಮುಖವಾಡ ಮಾರುತ್ತಿದ್ದ ಇಬ್ಬರು ಹೆಂಗಸರು ತಮ್ಮೊಳಗೆ ಮಾಯಾ ಭಾಷೆಯಲ್ಲಿ ಮಾತನಾಡಿಕೊಳ್ಳುತ್ತಿದ್ದರು. ಯುಕಟಾನ್ ಪರ್ಯಾಯದ್ವೀಪದಲ್ಲಿ ಲಕ್ಷಾಂತರ ಜನರ ಮನೆಮಾತು ಅದು. ಅಲ್ಲಿನ ಜನರನ್ನು ಅವರ ಎದುರಿಗೇ ಇಲ್ಲವಾಗಿಸುವ ವಿವರಣೆಗೆ ನಾವು ಹಣ ಕೊಟ್ಟಿರಲಿಲ್ಲ.

ಉಳಿಸಿದ ಆ ಗಂಟೆ ಎಲ್ಲಿಗೆ ಹೋಯಿತೆಂದರೆ, ವಯಾಡೊಲಿಡ್ ಪಟ್ಟಣದ ಮತ್ತೊಂದು ಅಂಗಡಿಗೆ. ಅಲ್ಲಿ ಮಾರ್ಗದರ್ಶಿಗೆ ಯಾವ ಅವಸರವೂ ಇರಲಿಲ್ಲ.

ಊರಿಗೆ ಮರಳಿ ತಮ್ಮ ಕಚೇರಿಗೆ ದೂರವಾಣಿ ಮಾಡಿದಾಗ ಸಿಕ್ಕ ಉತ್ತರ: ಅಲ್ಲಿನ ಸ್ಥಳೀಯ ಸಂಸ್ಥೆಯ ತಪ್ಪಿಗೆ ನಾವು ಹೊಣೆಯಲ್ಲ, ನಾವು ಮಧ್ಯವರ್ತಿಗಳು. ಈ ವಾದ ನಿಲ್ಲುವುದಿಲ್ಲ. ಹಣ ಪಡೆದ ರಸೀದಿ ತಮ್ಮದು, ಅದರ ಮೇಲಿನ ಜಿಎಸ್‌ಟಿ ಸಂಖ್ಯೆ ತಮ್ಮದು, ಕರಪತ್ರವೂ ತಮ್ಮದು. ಸ್ಥಳೀಯ ಸಂಸ್ಥೆಯ ಹೆಸರು ಆ ಮೂರರಲ್ಲಿ ಎಲ್ಲಿಯೂ ಇಲ್ಲ. ಅದನ್ನು ಆರಿಸಿದ್ದು ತಾವೇ ಹೊರತು ನಾವಲ್ಲ.

ಆದ್ದರಿಂದ ಬಸ್ಸಿನಲ್ಲಿ ತೆರಿಗೆಯೆಂದು ಪಡೆದ ನಗದನ್ನು ಪೂರ್ತಿಯಾಗಿ, ಈ ಒಂದು ದಿನದ ಪ್ರವಾಸಕ್ಕೆ ಪಡೆದ ಹೆಚ್ಚುವರಿ ದರದಲ್ಲಿ ಅರ್ಧವನ್ನು, ಇಬ್ಬರ ಲೆಕ್ಕದಲ್ಲಿ ಹಿಂದಿರುಗಿಸಬೇಕೆಂದು ಕೇಳುತ್ತೇನೆ. ಪೂರ್ತಿ ದರ ಕೇಳುತ್ತಿಲ್ಲ. ಪಿರಮಿಡ್ಡನ್ನು ಕಂಡದ್ದು ನಿಜ, ಬಸ್ ಚಾಲಕರು ಕಾಳಜಿಯಿಂದ ಓಡಿಸಿದ್ದೂ ನಿಜ. ಇದರ ಜೊತೆಗೆ ಕರಪತ್ರದಿಂದ ಪಿರಮಿಡ್ ಏರುವ ಸಾಲನ್ನು ತೆಗೆಯಬೇಕು, ಸ್ಮಾರಕದೊಳಗೆ ಎಷ್ಟು ಗಂಟೆ ಇರುತ್ತೇವೆ ಎಂಬುದನ್ನು ಯುಕಟಾನ್ ಸಮಯದಲ್ಲಿ ಅಚ್ಚು ಹಾಕಿಸಬೇಕು. ಮುಂದಿನ ತಂಡ ಹೊರಡುವ ಮೊದಲು ಇದು ಆಗಲಿ. ಅದರಲ್ಲಿ ನಮ್ಮ ಬೀದಿಯವರೇ ಒಂದು ದಂಪತಿ ಹೆಸರು ನೋಂದಾಯಿಸಿದ್ದಾರೆ, ಅವರಿಗೆ ಏನು ಹೇಳಬೇಕೆಂಬುದು ತಮ್ಮ ಉತ್ತರವನ್ನು ಅವಲಂಬಿಸಿದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ದೂರುದಾರ ತಾನು ವಾಸವಿರುವ ಊರಿನಲ್ಲಿಯೇ ದಾವೆ ಹೂಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ನಾನು ಬೆಂಗಳೂರಿಗೆ ಓಡಾಡಬೇಕಾಗಿಲ್ಲ, ತಮ್ಮವರೇ ಶಿವಮೊಗ್ಗಕ್ಕೆ ಬರಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು: ಹಣ ಪಾವತಿಯ ರಸೀದಿ, ಕನ್ನಡ ಕರಪತ್ರದ ಪ್ರತಿ, ದ್ವಾರದ ದರಪಟ್ಟಿ ಮತ್ತು ವೇಳಾಪಟ್ಟಿಯ ಫೋಟೋ, ಸಮಯ ಕಾಣುವಂತೆ ತೆಗೆದ ಮೊಬೈಲ್ ಪರದೆಯ ಚಿತ್ರ.