ಡಿವಿಡಿ ಓಡದಿದ್ದರೆ ಪ್ಲೇಯರನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುವ ವಿಡಿಯೊ, ಡಿಸ್ಕ್‌ಗೆ ಬರೆದ ಮೇಲೆ ಟಿವಿಯ ಪ್ಲೇಯರಿನಲ್ಲಿ ಓಡುವುದಿಲ್ಲವೆಂದು ಪ್ಲೇಯರನ್ನೇ ದೂರುವವರು ಹಲವರಿದ್ದಾರೆ. ನಾನೂ ಹಾಗೆ ದೂರುತ್ತಲೇ ನಾಲ್ಕಾರು ಡಿಸ್ಕ್‌ಗಳನ್ನು ಹಾಳುಮಾಡಿದವನು. ಎಂಪಿ4 ಫೈಲನ್ನು ಇದ್ದಂತೆಯೇ ನಕಲು ಮಾಡಿದರೆ ಅದು ಫೈಲುಗಳನ್ನಷ್ಟೇ ಇಟ್ಟುಕೊಂಡ ಡೇಟಾ ಡಿಸ್ಕ್ ಆಗುತ್ತದೆಯೇ ಹೊರತು ಟಿವಿಯ ಪ್ಲೇಯರ್ ಓದಬಲ್ಲ ಡಿವಿಡಿ-ವಿಡಿಯೊ ಆಗುವುದಿಲ್ಲ. ಹಳೆಯ ಪ್ಲೇಯರುಗಳಿಗೆ ಬೇಕಾದದ್ದು ಎಂಪೆಗ್-2 ಎಂಬ ಸಂಕೋಚನ ರೂಪದ ಚಿತ್ರ; ಭಾರತದ ಟಿವಿಗಳಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಾದರೆ ಅದರ ಪೂರ್ಣ ಅಳತೆ 720x576 ಪಿಕ್ಸೆಲ್, ವೇಗ ಸೆಕೆಂಡಿಗೆ 25 ಫ್ರೇಮ್, ಧ್ವನಿ 48 ಕಿಲೋಹರ್ಟ್ಸ್. ಫೈಲಿನ ಹೆಸರಿನ ಬಾಲವನ್ನಷ್ಟೇ ಬದಲಿಸಿದರೆ ಒಳಗಿನ ರೂಪ ಬದಲಾಗದು.

ಪರಿವರ್ತನೆ ಸರಿಯಾಗಿದ್ದರೂ, ಆಥರಿಂಗ್ ತಂತ್ರಾಂಶದ (ವಿಡಿಯೊವನ್ನು ಡಿವಿಡಿಯ ರಚನೆಗೆ ಜೋಡಿಸುವ ತಂತ್ರಾಂಶ) ಮೂಲಕ, ಪ್ಲೇಯರ್ ಹುಡುಕುವ ‘ವಿಡಿಯೊ_ಟಿಎಸ್’ ಫೋಲ್ಡರ್ ರಚಿಸಿ, ಬರೆದಾದ ಮೇಲೆ ಡಿಸ್ಕನ್ನು ಫೈನಲೈಸ್ ಮಾಡದಿದ್ದರೆ, ಅಂದರೆ ಬರಹವನ್ನು ಅಂತಿಮಗೊಳಿಸಿ ಮುಚ್ಚದಿದ್ದರೆ, ಅನೇಕ ಪ್ಲೇಯರುಗಳು ಅದನ್ನು ಗುರುತಿಸುವುದೇ ಇಲ್ಲ. ಚಿತ್ರ ತಡೆತಡೆದು ಬಂದರೆ ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ದತ್ತಾಂಶ ಹರಿಯುತ್ತದೆಂಬುದನ್ನು, ಮೊದಲು ನೋಡಬೇಕು: ಚಿತ್ರಕ್ಕಿರುವ ಗರಿಷ್ಠ ಮಿತಿ ಸೆಕೆಂಡಿಗೆ 9.8 ಮೆಗಾಬಿಟ್ ಆದರೂ, ಮನೆಯಲ್ಲಿ ಬರೆದ ಡಿಸ್ಕ್‌ಗೆ 6ರ ಆಸುಪಾಸು ಕ್ಷೇಮವೆಂಬುದು ನನ್ನ ಅನುಭವ, 4.7 ಗಿಗಾಬೈಟ್ ಡಿಸ್ಕ್‌ನಲ್ಲಿ ಆಗ ಒಂದೂವರೆ ಗಂಟೆಯ ವಿಡಿಯೊ ಹಿಡಿಸುತ್ತದೆ.

‘ಒಂದೇ ಕ್ಲಿಕ್‌ನಲ್ಲಿ ಡಿವಿಡಿ’ ಎಂದು ಜಾಹೀರಾತು ನೀಡುವ ತಂತ್ರಾಂಶ ತಯಾರಕರು ಈ ಮಾಹಿತಿಯನ್ನು ಬಳಕೆದಾರರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಓರ್ವ ಓದುಗ