ಹಸೆ ಚಿತ್ತಾರದ ಅಂಗಿಗೆ ತಿರುಪ್ಪೂರೇ ಬೇಕೇ?

ಮಾನ್ಯರೇ,

ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ ಮೇಲೆ ಸಾಗರ ಸೀಮೆಯ ಹೋಂಸ್ಟೇಗಳಲ್ಲಿ, ಚಾರಣ ತಂಡಗಳಲ್ಲಿ, ಮಹಿಳಾ ಸ್ವಸಹಾಯ ಸಂಘಗಳಲ್ಲಿ ಒಂದೇ ಚರ್ಚೆ ಮತ್ತೆ ಮತ್ತೆ ಏಳುತ್ತಿದೆ. ಬಂದ ಪ್ರವಾಸಿಗರು ನೆನಪಿಗೆಂದು ಕೊಂಡೊಯ್ಯುವ ಟೀ ಶರ್ಟು, ಬಟ್ಟೆ ಚೀಲ, ಕಾಫಿ ಮಗ್ಗುಗಳನ್ನು ನಮ್ಮದೇ ಹೆಸರು ಮತ್ತು ಗುರುತಿನಲ್ಲಿ ಮಾರುವುದು ಹೇಗೆ, ಸರಕು ತುಂಬಿಡಲು ಹಣ ಎಲ್ಲಿಂದ ತರುವುದು ಎಂಬ ಚರ್ಚೆ ಅದು. ಕೇಳಿದವರಿಗೆಲ್ಲ ಸಿಗುವ ಉತ್ತರವೂ ಒಂದೇ: ‘ಪ್ರಿಂಟ್ ಆನ್ ಡಿಮಾಂಡ್ ಕಂಪನಿ ಹಿಡಿಯಿರಿ’. ನಮ್ಮ ಕಡೆಯ ಸಾಂಪ್ರದಾಯಿಕ ಗೋಡೆ ಚಿತ್ರವಾದ ಹಸೆ ಚಿತ್ತಾರ ಬರೆಯುವ ಮಹಿಳೆಯರ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುವವನಾದ್ದರಿಂದ ಈ ಕಂಪನಿಗಳ ದರಪಟ್ಟಿ, ಷರತ್ತು, ಮಾದರಿಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅದರಿಂದ ತಿಳಿದದ್ದನ್ನು ಇಂಥದೇ ಹುಡುಕಾಟದಲ್ಲಿರುವ ಇತರರ ಉಪಯೋಗಕ್ಕಾಗಿ ಬರೆಯುತ್ತಿದ್ದೇನೆ; ಜೊತೆಗೆ ಶಿವಮೊಗ್ಗದ ಮುದ್ರಕರಲ್ಲಿ ಒಂದು ಕೋರಿಕೆಯೂ ಇದೆ.

ಪ್ರಿಂಟ್ ಆನ್ ಡಿಮಾಂಡ್ ವ್ಯವಸ್ಥೆಯಲ್ಲಿ ಗಿರಾಕಿ ಹಣ ಕೊಟ್ಟ ನಂತರವೇ ಅಂಗಿಯ ಮೇಲೆ ಅಚ್ಚು ಬೀಳುತ್ತದೆ. ವಿನ್ಯಾಸ ನಮ್ಮದು, ಅಂಗಡಿಯ ಹೆಸರು ನಮ್ಮದು. ಬಟ್ಟೆ, ಯಂತ್ರ, ಪ್ಯಾಕಿಂಗ್, ರವಾನೆ ಎಲ್ಲವೂ ಅವರದು. ಮಾರಾಟವಾಗದೆ ಉಳಿಯುವ ಸರಕು ಎಂಬುದೇ ಇರುವುದಿಲ್ಲ. ಮಲೆನಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿ ಬಟ್ಟೆಯ ಕಟ್ಟನ್ನು ಬೂಷ್ಟು ಹಿಡಿಯದಂತೆ ಕಾಪಾಡುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿ ಅಂಗಡಿ ಇಟ್ಟವರೆಲ್ಲ ಬಲ್ಲರು. ಎಲ್ಲ ಅಳತೆಯ ಅಂಗಿಗಳನ್ನು ತರಿಸಿಟ್ಟುಕೊಂಡರೆ ಮಧ್ಯಮ ಅಳತೆಯದು ಮೊದಲ ವಾರವೇ ಖಾಲಿಯಾಗಿ, ತೀರ ಚಿಕ್ಕದು ಮತ್ತು ತೀರ ದೊಡ್ಡದು ವರ್ಷವಿಡೀ ಕಪಾಟಿನಲ್ಲೇ ಉಳಿಯುವ ಪಾಡೂ ಇಲ್ಲಿ ತಪ್ಪುತ್ತದೆ.

ದೇಶದೊಳಗೆ ತಿರುಪ್ಪೂರಿನ ಕ್ವಿಕ್‌ಇಂಕ್, ಚೆನ್ನೈನ ಪ್ರಿಂಟ್‌ರೋವ್ ಮುಂತಾದ ಕಂಪನಿಗಳು ಈ ಕೆಲಸ ಮಾಡುತ್ತಿವೆ. ಹೊರದೇಶದ ಪ್ರಿಂಟ್‌ಫುಲ್ ಮತ್ತು ಪ್ರಿಂಟಿಫೈ ದೊಡ್ಡ ಹೆಸರುಗಳು. 2024ರ ನವೆಂಬರ್‌ನಲ್ಲಿ ಅವೆರಡೂ ವಿಲೀನವನ್ನು ಪ್ರಕಟಿಸಿದವು. ಕರ್ನಾಟಕದ ಗಿರಾಕಿಗೆ ಮಾರುವವರು ಇವೆರಡರ ತಂಟೆಗೆ ಹೋಗುವ ಅಗತ್ಯವಿಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿದ ನಮ್ಮ ಕಡೆಯವರಿಗೆ ಮಾರುವ ಆಲೋಚನೆ ಇದ್ದರೆ ಅಲ್ಲಿಯೇ ಅಚ್ಚು ಹಾಕಿ ಅಲ್ಲಿಯೇ ತಲುಪಿಸುವ ಕಂಪನಿಯೇ ಸರಿ. ಏಕೆಂದರೆ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ರದ್ದುಪಡಿಸಿದೆ. ಸಾಗರದ ಅಂಚೆ ಕಚೇರಿಯಿಂದ ಒಂದು ಅಂಗಿ ಕಳಿಸಿದರೂ ಅದು ಈಗ ಸುಂಕದ ಸರಕೇ.

ಕಂಪನಿಯನ್ನು ಆರಿಸುವಾಗ ಎಲ್ಲರೂ ಮೊದಲು ದರ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ನಮ್ಮ ವಿನ್ಯಾಸಕ್ಕೆ ಅವರ ಯಂತ್ರ ಹೊಂದುತ್ತದೆಯೇ ಎಂಬುದನ್ನು. ಹಸೆ ಚಿತ್ತಾರವನ್ನೇ ತೆಗೆದುಕೊಳ್ಳೋಣ. ದೀವರ ಸಮುದಾಯದ ಮನೆಗಳ ಚಿತ್ತಾರಗಿತ್ತಿಯರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆಯುವ ಗೆರೆಗಳು ಎಷ್ಟು ಸಣ್ಣವೆಂದರೆ, ಪಕ್ಕಪಕ್ಕದ ಎರಡು ಎಳೆಗಳ ನಡುವಿನ ಕೆಂಪು ಕೂಡ ಒಂದು ಎಳೆಯಷ್ಟೇ ಇರುತ್ತದೆ. ಕೆಂಪು ಅಂಗಿಯ ಮೇಲೆ ಬಿಳಿ ಗೆರೆ ಮೂಡಬೇಕಾದರೆ ನೇರವಾಗಿ ಬಟ್ಟೆಯ ಮೇಲೆ ಶಾಯಿ ಸಿಂಪಡಿಸುವ ಡಿಟಿಜಿ ಯಂತ್ರದಲ್ಲಿ ಮೊದಲು ಒಂದು ದ್ರಾವಣ ಹಚ್ಚಿ, ಅದರ ಮೇಲೆ ಬಿಳಿ ಶಾಯಿ ಹಾಕಬೇಕು. ದ್ರಾವಣ ಸಮವಾಗಿ ಬೀಳದಿದ್ದರೆ ಬಿಳಿಯು ಬಟ್ಟೆಯೊಳಕ್ಕೆ ಇಳಿದು ಮಾಸಲಾಗಿ ಕಾಣುತ್ತದೆ, ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಡಿಟಿಎಫ್ ಎಂಬ ಇನ್ನೊಂದು ವಿಧಾನದಲ್ಲಿ ಚಿತ್ರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಅಂಟಿನ ಪುಡಿ ಉದುರಿಸಿ, ಬಿಸಿಯಲ್ಲಿ ಒತ್ತಿ ಬಟ್ಟೆಗೆ ವರ್ಗಾಯಿಸುತ್ತಾರೆ. ಬಣ್ಣ ಢಾಳಾಗಿ ಬರುತ್ತದೆ, ನಿಜ. ಆದರೆ ಗೆರೆ ತೀರ ಸಣ್ಣದಾದರೆ ಅಂಟು ಹಿಡಿಯಲು ಜಾಗವೇ ಸಾಲದೆ ಅಂಚಿನಿಂದ ಏಳತೊಡಗುತ್ತದೆ. ಕಲ್ಲಿಗೆ ಬಡಿದು ಬಟ್ಟೆ ಒಗೆಯುವ ನಮ್ಮ ಮನೆಗಳಲ್ಲಿ ಅದರ ಆಯುಷ್ಯ ಎಷ್ಟೆಂಬುದನ್ನು ಬೇರೆ ಹೇಳಬೇಕಿಲ್ಲ.

ಮಗ್ಗಿನದು ಇನ್ನೊಂದು ಬಗೆ. ಅಲ್ಲಿ ಬಳಸುವ ಸಬ್ಲಿಮೇಶನ್ ವಿಧಾನದಲ್ಲಿ ಬಿಳಿ ಶಾಯಿ ಎಂಬುದೇ ಇಲ್ಲ. ಬಣ್ಣವು ಬಿಸಿಗೆ ಆವಿಯಾಗಿ ಮಗ್ಗಿನ ಮೇಲಿನ ಲೇಪದೊಳಗೆ ಸೇರುತ್ತದೆ. ಹೀಗಾಗಿ ಕೆಂಪನ್ನು ಮುದ್ರಿಸಿ, ಎಳೆಗಳಿರುವ ಜಾಗವನ್ನು ಖಾಲಿ ಬಿಟ್ಟು, ಮಗ್ಗಿನ ಸ್ವಂತ ಬಿಳಿಯೇ ಚಿತ್ತಾರವಾಗಿ ಕಾಣುವಂತೆ ವಿನ್ಯಾಸವನ್ನು ತಿರುವಿ ಸಿದ್ಧಪಡಿಸಬೇಕು. ಇದೇ ವಿಧಾನವನ್ನು ಹತ್ತಿಯ ಚೀಲಕ್ಕೂ ಬಳಸುತ್ತೇವೆಂದು ಯಾರಾದರೂ ಹೇಳಿದರೆ ಅವರಿಂದ ದೂರವಿರುವುದೇ ಒಳ್ಳೆಯದು. ಅದು ಪಾಲಿಯೆಸ್ಟರ್‌ಗೆ ಹಿಡಿಯುತ್ತದೆಯೇ ಹೊರತು ಹತ್ತಿಗೆ ನಿಲ್ಲುವುದಿಲ್ಲ.

ಕನ್ನಡ ಅಕ್ಷರಗಳ ವಿಚಾರದಲ್ಲಿಯೂ ಎಚ್ಚರ ಬೇಕು. ಹಲವು ಕಂಪನಿಗಳು ತಮ್ಮ ತಾಣದಲ್ಲಿಯೇ ಬರಹ ಸೇರಿಸುವ ಸೌಲಭ್ಯ ಕೊಟ್ಟಿರುತ್ತವೆ. ನಮ್ಮ ಸಂಘಕ್ಕೆ ಬಂದ ಒಂದು ಮಾದರಿ ಚೀಲದ ಮೇಲೆ ‘ಭೂಮಿ ಹುಣ್ಣಿಮೆ’ ಎಂಬಲ್ಲಿ ಒತ್ತಕ್ಷರ ಕೆಳಗೆ ಕೂರದೆ, ‘ಹುಣ್‌ಣಿಮೆ’ ಎಂದು ಒಡೆದು ಪಕ್ಕಕ್ಕೆ ನಿಂತಿತ್ತು. ಆ ಕಂಪನಿಯ ಸಹಾಯವಾಣಿಯವರಿಗೆ ಅದರಲ್ಲಿ ತಪ್ಪೇನಿದೆ ಎಂಬುದನ್ನು ಅರ್ಥ ಮಾಡಿಸಲು ನಮ್ಮಿಂದ ಆಗಲಿಲ್ಲ. ಕನ್ನಡ ಬರಹವನ್ನು ಇಲ್ಲಿಯೇ ಕೂಡಿಸಿ, ಚಿತ್ರವನ್ನಾಗಿ ಪರಿವರ್ತಿಸಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಕಡತವಾಗಿ, ಅಚ್ಚಾಗುವ ನಿಜ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರುವಂತೆ ಕಳುಹಿಸುವುದೊಂದೇ ಇದಕ್ಕೆ ಖಾತ್ರಿಯ ದಾರಿ.

ಇನ್ನು ಹಣದ ಲೆಕ್ಕ. ಉದಾಹರಣೆಗೆ ಅಂಗಿಯ ಮಾರಾಟ ಬೆಲೆ 500 ರೂಪಾಯಿ, ಬಟ್ಟೆ ಮತ್ತು ಮುದ್ರಣ ಸೇರಿ ಕಂಪನಿಯ ದರ 300 ರೂಪಾಯಿ, ಕೊರಿಯರ್ 70 ರೂಪಾಯಿ, ಆನ್‌ಲೈನ್ ಪಾವತಿಯ ಶುಲ್ಕ ಶೇ 2ರಂತೆ 10 ರೂಪಾಯಿ ಎಂದುಕೊಳ್ಳೋಣ. ತೆರಿಗೆಯನ್ನು ಬದಿಗಿಟ್ಟರೆ ಕೈಯಲ್ಲಿ ಉಳಿಯುವುದು 120 ರೂಪಾಯಿ, ಚಿತ್ತಾರ ಬರೆದವರ ಪಾಲು ಅದರಲ್ಲಿಯೇ ಬರಬೇಕು. ಅದೇ ಅಂಗಿಯನ್ನು ‘ತಲುಪಿದ ಮೇಲೆ ಹಣ’ ಎಂಬ ಷರತ್ತಿನ ಮೇಲೆ ಕಳಿಸಿ, ಗಿರಾಕಿ ಬೇಡವೆಂದರೆ, ಹೋದ ಮತ್ತು ಬಂದ ಕೊರಿಯರ್ ಎರಡೂ ಸೇರಿ 440 ರೂಪಾಯಿ ನಮ್ಮ ತಲೆಯ ಮೇಲೆ. ಹೆಚ್ಚುಕಡಿಮೆ ನಾಲ್ಕು ಅಂಗಿಗಳ ಗಳಿಕೆ ಒಂದು ವಾಪಸಾತಿಗೆ ಹೋಯಿತು. ಮರಳಿ ಬಂದ ಅಂಗಿಯನ್ನು ಇನ್ನೊಬ್ಬರಿಗೆ ಮಾರಬಹುದಲ್ಲವೇ ಎಂದರೆ, ಅದರ ಮೇಲೆ ಗಿರಾಕಿಯ ಹೆಸರಿಲ್ಲದಿದ್ದರೆ ಮಾತ್ರ. ಮಲೆನಾಡಿನೊಳಗೇ ಮಾರುವವರಿಗೆ ಈ ಭಯ ಇನ್ನೂ ಹೆಚ್ಚು. ಹೊಸನಗರ, ತೀರ್ಥಹಳ್ಳಿ ಕಡೆಯ ಒಳಹಳ್ಳಿಗಳ ಮನೆಬಾಗಿಲಿಗೆ ಖಾಸಗಿ ಕೊರಿಯರ್ ಹೋಗುವುದು ಅಪರೂಪ. ಪೇಟೆಯಲ್ಲಿಟ್ಟುಕೊಂಡು ಫೋನ್ ಮಾಡುತ್ತಾರೆ, ನೆಟ್‌ವರ್ಕ್ ಸಿಗದಿದ್ದರೆ ಪಾರ್ಸೆಲ್ ಹಿಂದಿರುಗುತ್ತದೆ. ಆದ್ದರಿಂದ ಕಂಪನಿಯು ಸ್ಪೀಡ್ ಪೋಸ್ಟ್ ಮೂಲಕ ಕಳಿಸಲು ಒಪ್ಪುತ್ತದೆಯೇ ಎಂಬುದನ್ನು ಕರಾರಿಗೆ ಮೊದಲೇ ಕೇಳಿಕೊಳ್ಳುವುದು ಲೇಸು. ಪೋಸ್ಟ್‌ಮ್ಯಾನ್‌ಗೆ ಮನೆಯೂ ಗೊತ್ತು, ಮನೆಯವರು ತೋಟದಿಂದ ಬರುವ ಹೊತ್ತೂ ಗೊತ್ತು.

ತೆರಿಗೆಯ ಬಗ್ಗೆ ಎರಡು ಮಾತು ಸಾಕು. ಸರಕುಗಳನ್ನು ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ರಾಜ್ಯದೊಳಗೆ ಮಾರುವ ಸಣ್ಣ ವ್ಯಾಪಾರಿಗಳಿಗೂ ಷರತ್ತುಗಳೊಂದಿಗೆ ಈ ವಿನಾಯಿತಿ ಸಿಕ್ಕಿದೆ. ಆದರೆ ಇಂಥ ಅಂಗಿಯನ್ನು ಮುಂಬೈ, ಚೆನ್ನೈಗೆ ಮಾರುವುದಾದರೆ ವಹಿವಾಟು ಎಷ್ಟೇ ಇರಲಿ, ನೋಂದಣಿ ಬೇಕೇ ಬೇಕು. ಹಕ್ಕುಸ್ವಾಮ್ಯದ್ದೂ ಹೀಗೆಯೇ. ಕುಪ್ಪಳಿಗೆ ಬರುವವರಿಗಾಗಿ ಕುವೆಂಪು ಅವರ ಸಾಲುಗಳನ್ನು ಅಂಗಿಯ ಮೇಲೆ ಹಾಕಿ ಮಾರುವ ಉತ್ಸಾಹ ಹಲವರಲ್ಲಿದೆ. ಅವರು ನಿಧನರಾದದ್ದು 1994ರಲ್ಲಿ. ಕಾನೂನಿನ ಪ್ರಕಾರ ಲೇಖಕರ ನಿಧನದ ಮರುವರ್ಷದಿಂದ 60 ವರ್ಷ, ಅಂದರೆ 2054ರ ಕೊನೆಯವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಅನುಮತಿ ಪಡೆಯದೆ ಹಾಗೆ ಮಾಡಬಾರದು.

ಈಗ ಶಿವಮೊಗ್ಗದ ಮುದ್ರಕರಲ್ಲಿ ನನ್ನ ಕೋರಿಕೆ. ಹಸೆ ಚಿತ್ತಾರವನ್ನು ಬಟ್ಟೆಯ ಮೇಲೆ ಮೂಡಿಸಲು ಬೇಕಾದದ್ದು ಒಂದೇ ಬಣ್ಣ, ಬಿಳಿ. ಬಣ್ಣಕ್ಕೊಂದು ಪರದೆ (ವಿನ್ಯಾಸವಿರುವ ಜಾಗದಲ್ಲಿ ಮಾತ್ರ ಶಾಯಿ ಇಳಿಯಬಿಡುವ ಜಾಲರಿ) ಬೇಕಾಗುವ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಇದಕ್ಕೆ ಒಂದೇ ಪರದೆ ಸಾಕು. ಹದವರಿತವರು ಮಾಡಿದರೆ ಗೆರೆ ಚೊಕ್ಕಟವಾಗಿ ಕೂರುತ್ತದೆ, ಚೆನ್ನಾಗಿ ಬಿಸಿ ಕೊಟ್ಟು ಒಣಗಿಸಿದರೆ ಎಷ್ಟು ಒಗೆದರೂ ನಿಲ್ಲುತ್ತದೆ. ಈ ವಿದ್ಯೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಮದುವೆಯ ತಾಂಬೂಲದ ಚೀಲಗಳ ಮೇಲೆ ವಧೂವರರ ಹೆಸರು ಅಚ್ಚು ಹಾಕುವ ಮುದ್ರಕರು ನಮ್ಮ ಪೇಟೆಗಳಲ್ಲಿಯೇ ಇದ್ದಾರೆ. ತೊಡಕು ಇರುವುದು ಸಂಖ್ಯೆಯಲ್ಲಿ. ನೂರಕ್ಕೆ ಕಡಿಮೆ ಎಂದರೆ ಅವರು ಒಪ್ಪುವುದಿಲ್ಲ, ಒಪ್ಪಿದರೂ ಪ್ರತಿ ಸಲ ಪರದೆಯ ಖರ್ಚನ್ನು ಹೊಸದಾಗಿ ಸೇರಿಸುತ್ತಾರೆ. ಒಮ್ಮೆ ಮಾಡಿದ ಪರದೆಯನ್ನು ಅಳಿಸದೆ ಇಟ್ಟುಕೊಂಡು, ಐದು ಬೇಕೆಂದಾಗ ಐದು, ಹನ್ನೆರಡು ಬೇಕೆಂದಾಗ ಹನ್ನೆರಡು ಅಚ್ಚು ಹಾಕಿಕೊಡುವುದಾದರೆ ಅದೇ ನಮಗೆ ಬೇಕಾದ ಪ್ರಿಂಟ್ ಆನ್ ಡಿಮಾಂಡ್. ಪರದೆ ಮಾಡಿಸುವ ಹಣವನ್ನು ಮೊದಲೇ ಕೊಡಲು, ಅದನ್ನು ಇಟ್ಟುಕೊಳ್ಳಲು ಬಾಡಿಗೆಯಂತೆ ಏನಾದರೂ ಕೊಡಲು ಸಂಘಗಳು ಹಿಂಜರಿಯಲಾರವು. ಮಳೆಗಾಲದ ತೇವದಲ್ಲಿ ಪರದೆಯ ಲೇಪ ಒಣಗುವುದೇ ಕಷ್ಟ ಎಂಬುದು ಮುದ್ರಕರೊಬ್ಬರು ಹೇಳಿದ ಅಡಚಣೆ. ಪರದೆಗಳನ್ನೆಲ್ಲ ಬೇಸಿಗೆಯಲ್ಲೇ ಮಾಡಿಸಿಟ್ಟರೆ ಅದೂ ನೀಗುತ್ತದೆ.

ಬಹುವರ್ಣದ ಚಿತ್ರಗಳಿಗೆ, ಒಂದೇ ಒಂದು ಅಂಗಿಯ ಬೇಡಿಕೆಗೆ, ದೂರದ ಗಿರಾಕಿಗೆ ತಿರುಪ್ಪೂರಿನ ಕಂಪನಿಗಳು ಇರಲಿ. ಅವುಗಳ ಮೇಲೆ ನನಗೆ ದೂರಿಲ್ಲ. ಆದರೆ ಜೋಗದಲ್ಲಿ, ಸಿಗಂದೂರಿನಲ್ಲಿ ಅಂಗಡಿಯ ಮುಂದೆ ನಿಂತ ಪ್ರವಾಸಿಗನಿಗೆ ‘ವಾರದಲ್ಲಿ ಮನೆಗೆ ಬರುತ್ತದೆ’ ಎಂದರೆ ಅವನು ಕೊಳ್ಳುವುದಿಲ್ಲ. ಆ ಅಂಗಡಿಗೆ ಎಂಟು ಹತ್ತು ಅಂಗಿಗಳಾದರೂ ಬೇಕು, ತೀರಿದಾಗ ಎರಡು ದಿನದಲ್ಲಿ ಮತ್ತೆ ಬರಬೇಕು. ಇದು ಶಿವಮೊಗ್ಗದಿಂದ ಮಾತ್ರ ಸಾಧ್ಯ. ಜಿಲ್ಲಾ ಕೈಗಾರಿಕಾ ಕೇಂದ್ರದವರೂ ಈ ಕಡೆ ಗಮನಿಸಬೇಕು. ಅವರ ಮೂಲಕವೂ ದೊರೆಯುವ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಗ್ರಾಮೀಣ ಪ್ರದೇಶದ ಮಹಿಳೆಯರಿಗೆ ಯೋಜನಾ ವೆಚ್ಚದ ಶೇ 35ರಷ್ಟು ಸಹಾಯಧನವಿದೆ. ಬಿಸಿ ಒತ್ತುಯಂತ್ರ, ಒಣಗಿಸುವ ಯಂತ್ರ ಮತ್ತು ನಾಲ್ಕಾರು ಪರದೆಗಳ ಒಂದು ಸಣ್ಣ ಘಟಕಕ್ಕೆ ಸಾಗರದಲ್ಲಿಯೋ ಸೊರಬದಲ್ಲಿಯೋ ಅರ್ಜಿ ಹಾಕುವವರಿಗೆ ಯೋಜನಾ ವರದಿ ಬರೆದುಕೊಡುವಷ್ಟು ನೆರವು ಸಿಕ್ಕರೂ ಸಾಕು.

ಸಣ್ಣ ಸಂಖ್ಯೆಯ ಕೆಲಸಕ್ಕೆ ಒಪ್ಪುವ ಮುದ್ರಕರು ಯಾರಾದರೂ ಇದ್ದರೆ ಒಂದು ವಿನ್ಯಾಸಕ್ಕೆ ಕನಿಷ್ಠ ಎಷ್ಟು ಅಂಗಿ, ದರ ಎಷ್ಟು, ಪರದೆಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಇದೇ ಅಂಕಣದ ಮೂಲಕ ತಿಳಿಸಬೇಕಾಗಿ ವಿನಂತಿ. ನಮ್ಮ ಸಂಘದ ಮೊದಲ ಪರದೆಯ ವಿನ್ಯಾಸ ಸಿದ್ಧವಾಗಿದೆ.

– ಓರ್ವ ಓದುಗ, ಸಾಗರ ತಾಲ್ಲೂಕು