ಬೀಗರು ಕೇಳದ ಲೆಕ್ಕ

ಮಾನ್ಯ ಸಂಪಾದಕರೇ,

ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಹನ್ನೊಂದು ವರ್ಷಗಳಿಂದ ಗುಳಿಗೆ ನುಂಗುತ್ತಿದ್ದಾನೆ. ಬೆಳಿಗ್ಗೆ ಎಮ್ಮೆಯ ಹಾಲು ಹಿಂಡುತ್ತಾನೆ, ಕಬ್ಬಿಗೆ ನೀರು ಹಾಯಿಸುತ್ತಾನೆ. ಹೋದ ತಿಂಗಳು ತಂಗಿಗೆ ಬಂದ ಸಂಬಂಧ ಅವನ ಕಾರಣಕ್ಕೆ ಮುರಿಯಿತು. ಇದು ಮೂರನೆಯದು. ‘ಅದು ರಕ್ತದಲ್ಲೇ ಇರುತ್ತದಂತೆ, ನಾಳೆ ಮೊಮ್ಮಕ್ಕಳಿಗೆ ಬಂದರೆ?’ ಎಂದು ಗಂಡಿನ ಕಡೆಯವರು ಮಧ್ಯಸ್ಥರ ಕೈಯಲ್ಲಿ ಹೇಳಿ ಕಳಿಸಿದರು.

ಪ್ರಶ್ನೆ ತಪ್ಪಲ್ಲ. ಉತ್ತರ ಕೇಳಲು ಯಾರೂ ನಿಲ್ಲಲಿಲ್ಲವೆಂಬುದೇ ನನ್ನ ಸಿಟ್ಟು. ಈ ಕಾಯಿಲೆಯಲ್ಲಿ ಅನುವಂಶೀಯತೆಯ ಪಾಲು ದೊಡ್ಡದು, ಅದನ್ನು ಮುಚ್ಚಿಡಬೇಕಿಲ್ಲ. ಜನಸಾಮಾನ್ಯರಲ್ಲಿ ಇದು ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ಯುರೋಪಿನ ಕುಟುಂಬಗಳ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ತಂದೆ ಅಥವಾ ತಾಯಿಗೆ ಕಾಯಿಲೆ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು 13, ಇಬ್ಬರಿಗೂ ಇದ್ದರೆ 46ರ ಆಸುಪಾಸು ಎಂದು ಕಂಡಿತು. ಆದರೆ ಬೀಗರ ಚಿಂತೆ ತಂಗಿಗೆ ಹುಟ್ಟಬಹುದಾದ ಮಕ್ಕಳದು. ಅವರಿಗೆ ಅಣ್ಣ ಸೋದರಮಾವ. ಆ ನಂಟಿಗೆ ಬಂದಾಗ ಲೆಕ್ಕ ನೂರಕ್ಕೆ ಮೂರು–ನಾಲ್ಕಕ್ಕೆ ಇಳಿಯುತ್ತದೆ. ಉಳಿದ ತೊಂಬತ್ತಾರು ಮಕ್ಕಳನ್ನು ಯಾರು ಎಣಿಸಬೇಕು?

ತದ್ರೂಪಿ ಅವಳಿಗಳ ಜೀನುಗಳು ಒಂದೇ. ಆದರೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಅರ್ಧದಷ್ಟು ಮಾತ್ರ. ಒಂದೇ ಜಲ್ಲೆಯಿಂದ ಕತ್ತರಿಸಿದ ಬೀಜದ ಕಬ್ಬು ಎರೆಮಣ್ಣಿನಲ್ಲಿ ಒಂದು ಥರ, ಸವಳಿನಲ್ಲಿ ಇನ್ನೊಂದು ಥರ ಬೆಳೆಯುವುದು ನಮ್ಮ ಭಾಗದ ರೈತರಿಗೆ ಹೊಸ ಮಾತಲ್ಲ. ಈ ಕಾಯಿಲೆಗೆ ಒಂದೇ ಜೀನು ಕಾರಣವೂ ಅಲ್ಲ; ನೂರಾರು ಜೀನುಗಳು ಒಂದಿಷ್ಟೊಂದಿಷ್ಟು ಕೂಡಿಸುತ್ತವೆ. ಹೆರಿಗೆಯ ತೊಡಕು, ಹರೆಯದಲ್ಲಿ ಗಾಂಜಾ ಸೇವನೆ ಇಂಥವೂ ಸೇರಿಕೊಳ್ಳುತ್ತವೆ. ಅಂದಹಾಗೆ, ‘ರಕ್ತದಲ್ಲಿದೆ’ ಎಂದವರು ತಮ್ಮ ಹಿರಿಯ ಮಗನಿಗೆ ಅವನ ಅಕ್ಕನ ಮಗಳನ್ನೇ ತಂದುಕೊಂಡಿದ್ದಾರೆ. ಸೋದರಿಕೆಯಿಂದ ಕೆಲವು ಹುಟ್ಟು ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ. ಅಲ್ಲಿ ರಕ್ತದ ಮಾತು ಎತ್ತಿದವರೇ ಇಲ್ಲ.

ನಮ್ಮದೂ ತಪ್ಪಿದೆ. ಮೊದಲ ಸಂಬಂಧ ಬಂದಾಗ ಅಣ್ಣನನ್ನು ಎರಡು ವಾರ ತೋಟದ ಮನೆಗೆ ಕಳಿಸಿದೆವು. ಕಪಾಟಿನಲ್ಲಿದ್ದ ಗುಳಿಗೆ ಯಾರಿಗೂ ನೆನಪಾಗಲಿಲ್ಲ. ಸಂಬಂಧವೂ ಕೂಡಲಿಲ್ಲ, ನಿದ್ದೆಗೆಟ್ಟು, ಬಾವಿಯೊಳಗಿಂದ ದನಿ ಕೇಳುತ್ತಿದೆ ಎನ್ನುತ್ತಿದ್ದ ಅಣ್ಣನನ್ನು ಮತ್ತೆ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ‘ಧಾರವಾಡ’ ಎಂದರೆ ಸಾಕು, ನಮ್ಮ ಕಡೆ ಜನ ನಗುತ್ತಾರೆ. ಅಲ್ಲಿಂದ ನಾವು ಮನುಷ್ಯನನ್ನು ಮರಳಿ ಕರೆತಂದಿದ್ದೇವೆ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ರೋಗಿಯ ಜೊತೆ ಬರುವ ಅಣ್ಣ-ತಮ್ಮಂದಿರನ್ನು, ಅಕ್ಕ-ತಂಗಿಯರನ್ನು ಐದು ನಿಮಿಷ ಕೂರಿಸಿಕೊಂಡು ಈ ಲೆಕ್ಕವನ್ನು ಅಲ್ಲಿಯೇ ಹೇಳುವಂತಾಗಲಿ. ನನಗೆ ಇದು ತಿಳಿದದ್ದು ಹತ್ತನೆಯ ವರ್ಷದಲ್ಲಿ, ಅದೂ ನಾನಾಗಿಯೇ ಕೇಳಿದಾಗ. ಆಸ್ಪತ್ರೆಗೆ ಹೋಗಲು ನಾಚುವವರಿಗೆ 14416 ಟೆಲಿ ಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅಮಾವಾಸ್ಯೆ ಕಳೆದ ಮೇಲೆ ಮುಧೋಳದ ಕಡೆಯಿಂದ ಇನ್ನೊಂದು ಮನೆಯವರು ಬರುವವರಿದ್ದಾರೆ. ಈ ಸಲ ಅಣ್ಣ ಮನೆಯಲ್ಲೇ ಇರಬೇಕೆಂದು ತಂಗಿ ಹಟ ಹಿಡಿದಿದ್ದಾಳೆ. ಅವ್ವ ಇನ್ನೂ ಒಪ್ಪಿಲ್ಲ.

ಇಷ್ಟೆಲ್ಲ ಬರೆದ ನಾನೇ ಹೆಸರು ಪ್ರಕಟಿಸಬೇಡಿ ಎಂದು ಕೋರುತ್ತಿದ್ದೇನೆ. ಕಾರಣ ನಿಮಗೆ ಗೊತ್ತಾಗಿರುತ್ತದೆ.

– ಓದುಗ, ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ